ಕೈ ಎಷ್ಟು ಸಲ ಹೋಗುತ್ತದೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಆದೋನಿಯಲ್ಲಿ ಕಂಪ್ಯೂಟರ್ ಡಿಗ್ರಿ ಮುಗಿಸಿ, ಆಂಧ್ರ ಗಡಿಯ ಹಾಲಹರವಿಯ ಕುರಿ ಸಾಕುವವರ ಮನೆಗೆ ಸೊಸೆಯಾಗಿ ಬಂದು ಆಗ ಆರು ತಿಂಗಳಾಗಿತ್ತು. ಆ ಆರು ತಿಂಗಳಲ್ಲಿ ಮಜ್ಜಿಗೆ ಹುಳಿಯಾದದ್ದಕ್ಕೆ ಸಿಟ್ಟಾಗಿದ್ದೇನೆ, ಕರೆಂಟು ಹೋದದ್ದಕ್ಕೆ ಸಿಟ್ಟಾಗಿದ್ದೇನೆ. ಆದರೆ ಒಂದು ಕತ್ತೆಯ ಮೇಲೆ ಸಿಟ್ಟಾಗಿ ಅದರ ಜೊತೆ ಮಾತು ಬಿಟ್ಟದ್ದು ಆ ಸಂಕ್ರಾಂತಿಯ ವಾರದಲ್ಲಿ ಮಾತ್ರ.

ಕತ್ತೆಯ ಹೆಸರು ದೊರಸಾನಿ. ಹೆಸರಿಗೆ ತಕ್ಕ ಗತ್ತು. ಯಾರಾದರೂ ಕೂಗಿದರೆ ತಿರುಗಿ ನೋಡುವುದಿಲ್ಲ, ಬೆಲ್ಲ ತೋರಿಸಿದರೆ ಮಾತ್ರ ಕತ್ತು ಹೊರಳಿಸುತ್ತದೆ. ನಮ್ಮ ಮನೆಯಲ್ಲಿ ನೂರೆಂಬತ್ತು ಕುರಿ, ಒಂದು ಬೈಕು, ಒಂದೇ ಒಂದು ಕತ್ತೆ. ಹೊಲಗಳ ಜೋಳ, ಹತ್ತಿ ಮುಗಿದ ಮೇಲೆ ಹಾಲಹರವಿಯ ಒಣನೆಲದಲ್ಲಿ ಅಷ್ಟು ಕುರಿಗೆ ಮೇವು ಸಾಲುವುದಿಲ್ಲ. ಹಾಗಾಗಿ ಸಂಕ್ರಾಂತಿ ಕಳೆದ ಗುರುವಾರ ಮಂದೆ ಹೊರಡುತ್ತದೆ. ಗೋನೆಗಂಡ್ಲದ ಕಡೆ ಕಾಲುವೆ ಕೆಳಗಿನ ಹೊಲಗಳಲ್ಲಿ ಮೂರು ದಿನ ಒಬ್ಬರಲ್ಲಿ, ನಾಲ್ಕು ದಿನ ಇನ್ನೊಬ್ಬರಲ್ಲಿ ಕುರಿ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಕಾಳು ಕೊಡುತ್ತಾರೆ. ಹೀಗೆ ನಾಲ್ಕು ತಿಂಗಳು.

ಹೊರಡುವವರು ನನ್ನ ಮಾವ ಭೀಮಲಿಂಗಪ್ಪ, ಅತ್ತೆ ಲಿಂಗಕ್ಕ, ಮತ್ತು ನನ್ನ ಗಂಡ ಸುಂಕೇಶ. ಪ್ರಶ್ನೆ ಇದ್ದದ್ದು ನನ್ನದು.

ನನ್ನ ಹತ್ತಿರ ಒಂದು ಕೈ ಮಿಷನ್ ಇತ್ತು. ಕಾಲಿನಿಂದ ತುಳಿಯುವುದಲ್ಲ, ಪಕ್ಕದ ಹಿಡಿ ತಿರುಗಿಸಿ ಹೊಲಿಯುವ ಮಿಷನ್. ಸಿ. ಬೆಳಗಲ್‌ನ ನನ್ನ ತವರಿನಿಂದ ನನ್ನ ಜೊತೆ ಬಂದ ವಸ್ತುಗಳಲ್ಲಿ ನಾನು ಕೇಳಿ ತಂದದ್ದು ಅದೊಂದೇ. ಪಕ್ಕದ ಮನೆ ಬಸವಕ್ಕನ ಮಗಳ ಮದುವೆ ಯುಗಾದಿ ಆದ ವಾರಕ್ಕೆ ಇತ್ತು. ದೀಪಾವಳಿಯಲ್ಲೇ ಬಸವಕ್ಕ ಹದಿನಾರು ರವಿಕೆ ಬಟ್ಟೆ ತಂದಿಟ್ಟು, "ಯುಗಾದಿಗೆ ಕೊಡ್ತಿಯೇನವ್ವ?" ಎಂದಿದ್ದಳು. ಕೊಡುತ್ತೇನೆ ಎಂದು ಮಾತು ಕೊಟ್ಟೆ. ಆಗ ನನಗೆ ಗಂಡನಿಗಿಂತ ಮಿಷನ್ನೇ ಹೆಚ್ಚು ಪರಿಚಯ. ನಾಲ್ಕು ತಿಂಗಳು ಅವನು ಇರುವುದಿಲ್ಲ ಎಂದರೆ ಮನೆ ಸ್ವಲ್ಪ ಸ್ವಚ್ಛವಾಗಿರುತ್ತದೆ ಅಂದುಕೊಂಡಿದ್ದೆ.

ಸಂಕ್ರಾಂತಿ ಬರುವಷ್ಟರಲ್ಲಿ ಲೆಕ್ಕ ಬದಲಾಗಿತ್ತು. ಸುಂಕೇಶ ಜಾಸ್ತಿ ಮಾತಾಡುವವನಲ್ಲ. ಸಂಜೆ ಕುರಿ ಒಳಗೆ ಬಿಡುವಾಗ ಮಣ್ಣಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆದು ಎಣಿಸುತ್ತಾನೆ. ಚಿಕ್ಕಂದಿನಿಂದ ಅದೇ ಅಭ್ಯಾಸ, ಗೋಡೆ ತುಂಬ ಗೀಟು, ಒಂದೂ ನೆಟ್ಟಗಿಲ್ಲ, ಎಲ್ಲವೂ ಎಡಕ್ಕೆ ವಾಲಿದವು. ಎಣಿಸುತ್ತ ಎಣಿಸುತ್ತ ಒಮ್ಮೆ ನನ್ನ ಕಡೆ ನೋಡುತ್ತಾನೆ, ಎಣಿಕೆ ತಪ್ಪುತ್ತಾನೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಇಂಥವನನ್ನು ನಾಲ್ಕು ತಿಂಗಳು ಬಿಟ್ಟಿರಲು ನನಗೆ ಆಗುವುದಿಲ್ಲ ಎಂದು ಗೊತ್ತಾದಾಗ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

"ನಾನೂ ಬರ್ತೀನ್ರಿ ಅತ್ತಿ," ಅಂದೆ.

"ಬಾ," ಅಂದಳು ಅತ್ತೆ. "ಯಾರು ಬ್ಯಾಡ ಅಂದಾರ?"

"ಮಿಷನ್ನೂ ತರ್ತೀನಿ. ಹದಿನಾರು ರವಿಕಿ ಹೊಲೀಬೇಕು. ಮಾತು ಕೊಟ್ಟೀನಿ."

"ಅದು ನನ್ನ ಕೈಯಾಗಿಲ್ಲವ್ವ. ದೊರಸಾನಿ ಕಿವಿಯಾಗ ಐತಿ."

ಇದು ಅರ್ಥವಾಗಬೇಕಾದರೆ ನಮ್ಮ ಮನೆಯಲ್ಲಿ ಕತ್ತೆ ಹೇರುವ ಕ್ರಮ ಗೊತ್ತಿರಬೇಕು. ಹೇರುವವಳು ಅತ್ತೆ ಒಬ್ಬಳೇ. ಒಯ್ಯುವ ಸಾಮಾನೆಲ್ಲ ಅಂಗಳದಲ್ಲಿ ಹರಡುತ್ತಾಳೆ. ಒಂದೊಂದನ್ನೂ ಕೈಯಲ್ಲಿ ಎತ್ತಿ ತೂಗಿ, "ಇದಕ್ಕ ದಿನಕ್ಕ ಎಷ್ಟು ಸಲ ಕೈ ಹೊಕ್ಕೈತಿ?" ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ತೂಕ ಕಡಿಮೆ, ಕೈ ಹೋಗುವುದು ಜಾಸ್ತಿ ಇದ್ದರೆ ಅದು ಮೊದಲು. ಬೆಂಕಿಪೊಟ್ಟಣ, ಉಪ್ಪು, ಬ್ಯಾಟರಿ, ಮರಿಗಳ ಔಷಧಿ, ಆಮೇಲೆ ರೊಟ್ಟಿ ಹಂಚು, ಪಾತ್ರೆ, ಆಮೇಲೆ ಕುರಿಗಳ ಸುತ್ತ ಬೇಲಿ ಕಟ್ಟುವ ಬಲೆ, ಗೂಟ. ಹೀಗೆ ಒಂದರ ಹಿಂದೆ ಒಂದು ಹೇರುತ್ತ ಹೋಗುತ್ತಾಳೆ. ಭಾರ ಸಾಕಾದ ಗಳಿಗೆಗೆ ದೊರಸಾನಿ ಎರಡೂ ಕಿವಿಯನ್ನು ಹಿಂದಕ್ಕೆ ಮಲಗಿಸುತ್ತದೆ. ಅಲ್ಲಿಗೆ ಮುಗಿಯಿತು. ನೆಲದ ಮೇಲೆ ಉಳಿದದ್ದು ಮನೆಯಲ್ಲೇ ಉಳಿಯುತ್ತದೆ. ಮತ್ತೆ ಒಂದು ಕಟ್ಟಳೆ ಇದೆ: ಒಮ್ಮೆ ಹೇರಿದ್ದನ್ನು ಇಳಿಸುವಂತಿಲ್ಲ. ಇಳಿಸಿದರೆ ದಾರಿ ಮುನಿಯುತ್ತದಂತೆ. ಮೂವತ್ತು ವರ್ಷದಲ್ಲಿ ಅತ್ತೆ ಒಂದು ಚಮಚವನ್ನೂ ಇಳಿಸಿಲ್ಲ ಎಂದು ಮಾವ ಹೆಮ್ಮೆಯಿಂದ ಹೇಳುತ್ತಾರೆ.

ಬೈಕ್ ಇದೆಯಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಬೈಕು ಮರಿಗಳ ಪಾಲು. ನಡೆಯಲಾಗದ ಎಳೆಮರಿಗಳನ್ನು ಎರಡು ಬುಟ್ಟಿಯಲ್ಲಿ ಕೂರಿಸಿಕೊಂಡು ಸುಂಕೇಶ ಹೋಗಬೇಕು. ಟ್ರಾಲಿ ಆಟೋ ಮಾಡಿದರೆ ಅದು ಡಾಂಬರು ಬಿಟ್ಟು ಕರಿಮಣ್ಣಿನ ಬದುವಿಗೆ ಇಳಿಯುವುದಿಲ್ಲ, ಮೂರು ದಿನಕ್ಕೊಮ್ಮೆ ನಮ್ಮ ಹಿಂದೆ ತಿರುಗುವುದೂ ಇಲ್ಲ. ಎಲ್ಲ ಕಡೆ ಬರುವುದು ಕತ್ತೆ ಒಂದೇ.

ಅತ್ತೆಯ ಕ್ರಮ ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಇದು ನಾನು ಓದಿದ್ದೇ. ಕಾಲೇಜಿನಲ್ಲಿ ಕೊಟ್ರೇಶ ಸರ್ ಅರ್ಧ ತೆಲುಗು, ಅರ್ಧ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದರು. ಒಬ್ಬ ಕಳ್ಳ ಒಂದು ಚೀಲ ತೆಗೆದುಕೊಂಡು ಅಂಗಡಿಗೆ ನುಗ್ಗುತ್ತಾನೆ. ಚೀಲಕ್ಕೆ ಇಷ್ಟೇ ಭಾರ ತಡೆಯುವ ಶಕ್ತಿ. ಯಾವುದನ್ನು ತುಂಬಿದರೆ ಅವನಿಗೆ ಹೆಚ್ಚು ಲಾಭ? ತೂಕಕ್ಕೆ ಹೋಲಿಸಿದರೆ ಯಾವುದರ ಬೆಲೆ ಹೆಚ್ಚೋ ಅದನ್ನು ಮೊದಲು ತುಂಬು, ಆಮೇಲೆ ಅದರ ಮುಂದಿನದು, ತುಂಬಿದ್ದನ್ನು ತಿರುಗಿ ನೋಡಬೇಡ. ಇದಕ್ಕೆ ಗ್ರೀಡಿ ವಿಧಾನ ಎನ್ನುತ್ತಾರೆ. ಬೇಗ ಆಗುತ್ತದೆ, ಬಹಳ ಸಲ ಚೆನ್ನಾಗಿಯೇ ಆಗುತ್ತದೆ, ಆದರೆ ಕೆಲವು ಸಲ ಮೋಸ ಹೋಗುತ್ತದೆ. ಆ ಪ್ರಶ್ನೆಗೆ ನನಗೆ ಎಂಟಕ್ಕೆ ಎಂಟು ಅಂಕ ಬಂದಿತ್ತು.

ಎಂಟು ಅಂಕದವಳು ಬಾಯಿ ಮುಚ್ಚಿಕೊಂಡು ಇರುತ್ತಾಳೆಯೇ?

"ಅತ್ತಿ, ನೀವು ಮಾಡಾದಕ್ಕ ನಮ್ಮ ಪುಸ್ತಕದಾಗ ಗ್ರೀಡಿ ಅಂತ ಹೆಸರು ಐತ್ರಿ," ಅಂದೆ.

"ಅಂದ್ರ ಏನದು?"

ನಾನು ಸರಿಯಾದ ಮಾತು ಹುಡುಕುವಷ್ಟರಲ್ಲಿ ನನ್ನ ಗಂಡ, ವಾರಕ್ಕೆ ನಾಲ್ಕು ಮಾತಾಡುವವನು, ಅದರಲ್ಲಿ ಒಂದನ್ನು ತೆಲುಗು ಬೆರೆಸಿ ಅಲ್ಲಿ ಖರ್ಚು ಮಾಡಿದ. "ಆಶಪೋತು ಅಂಟಾರು ಕದಬೇ, ಅದ. ಆಸೆಬುರುಕಿ."

ಅತ್ತೆ ಎದ್ದು ಒಳಗೆ ಹೋದಳು. ಸಂಜೆಯವರೆಗೆ ಮಾತಿಲ್ಲ. ಮೂವತ್ತು ವರ್ಷ ಮನೆಯವರೆಲ್ಲರ ಹೊಟ್ಟೆಗೆ ಬೇಕಾದದ್ದನ್ನು ಹೇರಿ ತನ್ನ ಸೀರೆ ಗಂಟನ್ನು ಮನೆಯಲ್ಲೇ ಬಿಟ್ಟು ಹೋದವಳನ್ನು ಸೊಸೆ ಆಸೆಬುರುಕಿ ಅಂದಳೆಂದು ಓಣಿಗೆಲ್ಲ ಗೊತ್ತಾಯಿತು. ರೊಟ್ಟಿ ಬಡಿಯುವಾಗ ಬಸವಕ್ಕ ಗೋಡೆಯ ಆಚೆಯಿಂದ ಇಣುಕಿ, "ಜ್ಯೋತಿ, ಓದಿದ ಬಾಯಿಗೆ ಒಂದು ಗುಂಡಿ ಹಚ್ಚಿ ಹೊಲ್ಕೊ," ಅಂದಳು.

ಕ್ಷಮೆ ಕೇಳಿದೆ. ಆದರೆ ಹಿಡಿದದ್ದನ್ನು ಬಿಡಲಿಲ್ಲ. ಅತ್ತೆಯ ಕ್ರಮ ಮೋಸ ಹೋಗಿದೆ ಎಂದು ತೋರಿಸಿದರೆ ಮಿಷನ್‌ಗೆ ಜಾಗ ಸಿಗಬಹುದು ಎಂಬುದು ನನ್ನ ಹಂಚಿಕೆ. ಕಾಳಿನ ಅಂಗಡಿ ಗೋವಿಂದಪ್ಪನ ಹತ್ತಿರ ತಕ್ಕಡಿ ತಂದು ಒಂದೊಂದೇ ಸಾಮಾನು ತೂಗಿದೆ. ದೊರಸಾನಿಯ ಬೆನ್ನ ಮೇಲೆ ಕಾಳಿನ ಚೀಲ ಇಟ್ಟು, ಸೇರು ಸೇರಾಗಿ ಸುರಿದು ನೋಡಿದೆ. ಐವತ್ತು ಕೆಜಿಗೆ ಸರಿಯಾಗಿ ಕಿವಿ ಹಿಂದಕ್ಕೆ ಹೋಯಿತು. ಮೂರು ಸಲ ಸುರಿದೆ, ಮೂರು ಸಲವೂ ಅಷ್ಟೇ. ನಾಲ್ಕನೇ ಸಲ ಬಾಲದಿಂದ ಮುಖಕ್ಕೆ ಹೊಡೆಯಿತು, ಅಂದಿನಿಂದಲೇ ನಮ್ಮಿಬ್ಬರಿಗೆ ಮಾತಿಲ್ಲ.

ಒಂದು ರಟ್ಟಿನ ಹಾಳೆಯ ಮೇಲೆ ಸಾಮಾನುಗಳ ಚಿತ್ರ ಬರೆದೆ. ಅತ್ತೆಗೆ ಓದಲು ಬರುವುದಿಲ್ಲ, ಚಿತ್ರವಾದರೆ ತಿಳಿಯುತ್ತದೆ. ಹಂಡೆಯ ಚಿತ್ರ, ಹಿಟ್ಟಿನ ಚೀಲದ ಚಿತ್ರ, ಹಿಡಿ ಇರುವ ಮಿಷನ್ ಚಿತ್ರ. ನಾಲ್ಕು ದಿನ ಕೂತು ಎಣಿಸಿ, ಮನೆಯ ಬಳಕೆಗೆ ಯಾವುದಕ್ಕೆ ದಿನಕ್ಕೆ ಎಷ್ಟು ಸಲ ಕೈ ಹೋಗುತ್ತದೋ ಅದರ ಮುಂದೆ ಅಷ್ಟು ಗೀಟು. ಮನೆಯಲ್ಲಿ ಎಣಿಸಲಾಗದ್ದನ್ನು ಮಾವನನ್ನು ಕೇಳಿ ಹಾಕಿದೆ. ಮಾವ ಖುಷಿಯಿಂದ ಹೇಳಿದರು, ಜೊತೆಗೆ ತಂಬಾಕಿನ ಡಬ್ಬಿಗೆ ಗೀಟು ಕಡಿಮೆ ಹಾಕು ಎಂದು ಲಂಚವಾಗಿ ಒಂದು ಪೇರಲಹಣ್ಣು ಕೊಟ್ಟರು. ಹಣ್ಣು ತಿಂದು, ಇದ್ದಷ್ಟೂ ಗೀಟು ಹಾಕಿದೆ.

ಬುಧವಾರ ಮಧ್ಯಾಹ್ನ ಅಂಗಳದಲ್ಲಿ ಪಂಚಾಯ್ತಿ. ಸಣ್ಣಪುಟ್ಟವು, ಬಲೆ, ಗೂಟ, ಪಾತ್ರೆ ಎಲ್ಲ ಸೇರಿ ಮೂವತ್ತೈದು ಕೆಜಿ. ಅವುಗಳ ಬಗ್ಗೆ ಯಾರದೂ ತಕರಾರಿಲ್ಲ. ಉಳಿದದ್ದು ಹದಿನೈದು ಕೆಜಿ ಜಾಗ. ಜಗಳ ಅಲ್ಲಿತ್ತು.

"ನೋಡ್ರಿ ಅತ್ತಿ," ಅಂದೆ. "ನೀವು ಮೊದಲು ತಾಮ್ರದ ಹಂಡೆ ಹೇರ್ತೀರಿ. ಒಂಬತ್ತು ಕೆಜಿ. ನೀರಿಗೆ ದಿನಕ್ಕ ಹದಿನೆಂಟು ಸಲ ಕೈ ಹೊಕ್ಕೈತಿ. ಅದು ಹೇರಿದ ಮ್ಯಾಲ ಉಳಿಯಾದು ಆರು ಕೆಜಿ ಜಾಗ. ಹಿಟ್ಟಿನ ಚೀಲ ಎಂಟು ಕೆಜಿ, ನೆರಳಿಗೆ ಕಟ್ಟೊ ತಾಡಪತ್ರಿ ಏಳು ಕೆಜಿ, ಎರಡೂ ಹಿಡಿಯಂಗಿಲ್ಲ. ಆರು ಕೆಜಿ ಜಾಗ ಸುಮ್ಮನ ದಂಡ. ಅದರ ಬದಲು ಹಂಡೆ ಬಿಟ್ಟು, ಹಿಟ್ಟು, ತಾಡಪತ್ರಿ ಎರಡೂ ಹೇರ್ರಿ. ಬರಾಬರ್ ಹದಿನೈದು. ಹಿಟ್ಟಿಗೆ ಹದಿನಾಲ್ಕು, ತಾಡಪತ್ರಿಗೆ ಹನ್ನೆರಡು, ಒಟ್ಟು ಇಪ್ಪತ್ತಾರು ಸಲ. ನಿಮ್ಮ ಹದಿನೆಂಟಕ್ಕಿಂತ ಎಂಟು ಹೆಚ್ಚು."

ನನ್ನ ಎದೆ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತ್ತು. ಮಾವ ತಲೆ ತೂಗಿದರು. ಸುಂಕೇಶ ನನ್ನನ್ನೇ ನೋಡುತ್ತಿದ್ದ.

ಅತ್ತೆ ಹಾಳೆಯನ್ನು ನೋಡಿದಳು, ಹಿಟ್ಟಿನ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎದ್ದು ಹೋಗಿ ಚೀಲದ ಬಾಯಿಯ ದಾರ ಬಿಚ್ಚಿದಳು. ಬೊಗಸೆ ತುಂಬ ಹಿಟ್ಟು ತೆಗೆದು ನನಗೆ ತೋರಿಸಿ, ಮತ್ತೆ ಚೀಲಕ್ಕೇ ಸುರಿದಳು.

"ಚೀಲದ ಬಾಯಿ ಬಿಚ್ಚಾಕ ಬರ್ತೈತಿ ಅಂತ ನಿಮ್ಮ ಪುಸ್ತಕದಾಗ ಬರದಿಲ್ಲೇನು?" ಅಂದಳು. "ಹಂಡೆ ಹೇರಿದ ಮ್ಯಾಲ ಎಷ್ಟು ಜಾಗ ಉಳಿತೈತೋ ಅಷ್ಟು ಹಿಟ್ಟು ಸುರೀತೀನಿ. ಕಿವಿ ಹಿಂದಕ ಹೋಗಾತನ. ಹಿಟ್ಟು ಮುರದು ಹೇರಬಹುದು. ಹಂಡೆ ಮುರದು ಹೇರಾಕ ಬರಲ್ಲ."

ನಾನು ಮನಸ್ಸಿನಲ್ಲೇ ಕೂಡಿದೆ. ಹಂಡೆಗೆ ಹದಿನೆಂಟು, ಆರು ಕೆಜಿ ಹಿಟ್ಟಿಗೆ ಹತ್ತೂವರೆ. ಇಪ್ಪತ್ತೆಂಟೂವರೆ. ನನ್ನ ಇಪ್ಪತ್ತಾರಕ್ಕಿಂತ ಹೆಚ್ಚು. ಕೊನೆಯಲ್ಲಿ ತುಂಬುವ ವಸ್ತುವನ್ನು ಒಡೆಯಲು ಬರುವುದಾದರೆ ಗ್ರೀಡಿ ಮೋಸ ಹೋಗುವುದಿಲ್ಲ ಎಂದು ಕೊಟ್ರೇಶ ಸರ್ ಅದೇ ಪಾಠದ ಮುಂದಿನ ಪುಟದಲ್ಲಿ ಹೇಳಿದ್ದರು. ಅದನ್ನೂ ನಾನು ಬರೆದುಕೊಂಡಿದ್ದೆ. ಎಂಟು ಅಂಕ ತೆಗೆದುಕೊಂಡವಳಿಗೆ ಚೀಲಕ್ಕೆ ಬಾಯಿ ಇರುತ್ತದೆ ಎಂಬುದು ಹೊಳೆದಿರಲಿಲ್ಲ.

ಮಾವ ಗಹಗಹಿಸಿ ನಕ್ಕರು. ಅತ್ತೆಯೂ ನಕ್ಕಳು. ಆಸೆಬುರುಕಿ ಅಂದ ಮಾತು ಆ ನಗುವಿನಲ್ಲೇ ಕರಗಿತು ಅನ್ನಿ.

"ಸರಿ," ಅಂದೆ. "ಮಿಷನ್ ಹನ್ನೆರಡು ಕೆಜಿ. ದಿನಕ್ಕ ಅರವತ್ತು ಸಲ ಕೈ ಹೊಕ್ಕೈತಿ."

"ಯಾರ ಕೈ?"

"ನನ್ನ ಕೈ."

"ಯಾರ ಕೆಲಸಕ್ಕ? ಬಸವಕ್ಕನ ಮಗಳ ರವಿಕಿಗೆ. ಅದು ಕುರಿಮಂದಿ ಕೆಲಸಲ್ಲವ್ವ. ಕುರಿಮಂದಿ ಕೆಲಸಕ್ಕ ಎಷ್ಟು ಸಲ? ನೀನ ಹೇಳು, ಸುಳ್ಳಾಡಬ್ಯಾಡ."

ಸುಳ್ಳಾಡಲು ಆಗಲಿಲ್ಲ. ನಾಲ್ಕು ದಿನದಲ್ಲಿ ಮನೆಯ ಕೆಲಸಕ್ಕೆ ಮಿಷನ್ ಮುಟ್ಟಿದ್ದು ದಿನಕ್ಕೆ ಎರಡು ಸಲ. ಹಾಳೆಯಲ್ಲಿ ಮಿಷನ್ ಚಿತ್ರದ ಮುಂದೆ ಎರಡು ಗೀಟು ನಾನೇ ಹಾಕಿದ್ದೆ. ಹನ್ನೆರಡು ಕೆಜಿಗೆ ಎರಡು ಸಲ. ಅತ್ತೆಯ ಕ್ರಮದಲ್ಲಿ ನೋಡಿದರೂ ಸರಿ, ನನ್ನ ಕ್ರಮದಲ್ಲಿ ನೋಡಿದರೂ ಸರಿ, ಅದು ನೆಲದ ಮೇಲೆಯೇ ಉಳಿಯುತ್ತದೆ. ಒಳಗೆ ಹೋಗಿ ಮತ್ತೆ ಎಲ್ಲ ಜೋಡಿಸಿ ಜೋಡಿಸಿ ಲೆಕ್ಕ ಹಾಕಿದೆ. ಯಾವ ದಾರಿಯಲ್ಲಿ ಬಂದರೂ ಮಿಷನ್ ಹೊರಗೆ. ಮಿಷನ್ ಹೊರಗೆ ಅಂದರೆ ನಾನೂ ಹೊರಗೆ, ಮಾತು ಕೊಟ್ಟಾಗಿತ್ತು. ಬೇರೆಯವರು ನನ್ನನ್ನು ಸೋಲಿಸಿದ್ದರೆ ಜಗಳವಾಡಬಹುದಿತ್ತು. ನನ್ನ ಲೆಕ್ಕವೇ ನನ್ನನ್ನು ಸೋಲಿಸಿತ್ತು. ಹಾಳೆಯನ್ನು ಹಿಟ್ಟಿನ ಚೀಲದ ಬಾಯಿಗೆ ತುರುಕಿ, ಒಲೆಯ ಮುಂದೆ ಕೂತು ಒಂದಿಷ್ಟು ಕಣ್ಣೀರು ಹಾಕಿದೆ. ಹೊಗೆಯಿತ್ತು, ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೇನೆ.

ಗುರುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲು ಹೇರುವ ಕೆಲಸ ಶುರುವಾಯಿತು. ಕುರಿಗಳು ಆಗಲೇ ಓಣಿಯ ತುದಿಯಲ್ಲಿ ನಿಂತು ಒದರುತ್ತಿದ್ದವು. ಸುಂಕೇಶ ಬೈಕಿನ ಬುಟ್ಟಿಗಳಲ್ಲಿ ಹುಲ್ಲು ಹಾಸಿ ಮರಿಗಳನ್ನು ಒಂದೊಂದಾಗಿ ಕೂರಿಸುತ್ತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಬಾಗಿಲ ಚೌಕಟ್ಟಿಗೆ ಒರಗಿ, ಕಾಲ ಬಳಿ ಮಿಷನ್ ಇಟ್ಟುಕೊಂಡು ನಿಂತಿದ್ದೆ. ಇಟ್ಟುಕೊಂಡದ್ದು ಯಾಕೋ ನನಗೇ ಗೊತ್ತಿಲ್ಲ. ಸೋತ ಪೈಲ್ವಾನ ಕೂಡ ಅಖಾಡ ಬಿಟ್ಟು ಬೇಗ ಹೋಗುವುದಿಲ್ಲ.

ಅತ್ತೆ ಹೇರುತ್ತ ಹೋದಳು. ಬೆಂಕಿಪೊಟ್ಟಣ, ಉಪ್ಪು, ಹಂಚು, ಬಲೆ. ಆಮೇಲೆ ಮಾವನ ಕೈ ಕೂಡಿಸಿಕೊಂಡು ಹಂಡೆಯನ್ನು ಎತ್ತಿ ಹಗ್ಗ ಬಿಗಿದಳು. ಇನ್ನು ಹಿಟ್ಟು. ಚೀಲದ ಬಾಯಿ ಬಿಚ್ಚಿದಾಗ ನನ್ನ ಹಾಳೆ ಅವಳ ಕೈಗೆ ಬಂತು. ತೆಗೆದು ಬದಿಗೆ ಒಗೆಯುವವಳು, ಏನು ಕಂಡಿತೋ, ಬಿಸಿಲಿಗೆ ಹಿಡಿದು ನೋಡಿದಳು.

"ಜ್ಯೋತಿ, ಇಲ್ಲಿ ಬಾ. ಮಿಷನ್ ಮುಂದ ಎಷ್ಟು ಗೀಟು ಹಾಕಿದ್ದಿ?"

"ಎರಡು."

"ಎಣಿಸು."

ಹೋಗಿ ನೋಡಿದೆ. ನನ್ನ ಎರಡು ಗೀಟು ನೆಟ್ಟಗೆ ನಿಂತಿದ್ದವು. ಅವುಗಳ ಮುಂದೆ, ಹಾಳೆಯ ಅಂಚಿನವರೆಗೆ, ಅಂಚು ಸಾಲದೆ ಕೆಳಗಿಳಿದು ಮತ್ತೊಂದು ಸಾಲು, ಇದ್ದಿಲಿನ ಗೀಟುಗಳು. ನಲವತ್ತು. ಒಂದೂ ನೆಟ್ಟಗಿಲ್ಲ. ಎಲ್ಲವೂ ಎಡಕ್ಕೆ ವಾಲಿದ್ದವು.

ನನ್ನ ಮುಖ ಬಿಸಿಯಾಯಿತು. ಗೋಡೆಯ ಕಡೆ ನೋಡುವ ಅಗತ್ಯ ಯಾರಿಗೂ ಇರಲಿಲ್ಲ.

"ಏನಲೇ ಸುಂಕ," ಎಂದು ಅತ್ತೆ ಕೂಗಿದಳು. "ಈ ಮಿಷನಿಗೆ ದಿನಕ್ಕ ನಲವತ್ತು ಸಲ ನಿನ್ನ ಕೈ ಹೊಕ್ಕೈತೇನು? ಯಾವಾಗ ಕಲ್ತಿ ರವಿಕಿ ಹೊಲಿಯಾದು?"

ಸುಂಕೇಶ ಒಂದು ಮರಿಯನ್ನು ಎದೆಗೆ ಅವಚಿಕೊಂಡು ನಿಂತ. "ಮಿಷನಿಗಲ್ಲಬೇ," ಅಂದ. ಅಷ್ಟೇ. ಮುಂದಿನ ಮಾತಿಗೆ ಅವನ ವಾರದ ಪಡಿತರ ಮುಗಿದಿತ್ತು. ಮರಿಯ ಕಿವಿಯ ಹಿಂದೆ ಮುಖ ಮರೆಮಾಡಿಕೊಂಡ. ಮಾವ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಅತ್ತೆ ನಗಲಿಲ್ಲ. ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಕತ್ತೆಯ ಹತ್ತಿರ ಹೋಗಿ ಹಂಡೆಯ ಹಗ್ಗಕ್ಕೆ ಕೈ ಹಾಕಿದಳು.

"ಏ, ಏನ್ ಮಾಡ್ತಿ?" ಅಂದರು ಮಾವ. ನಗು ನಿಂತುಹೋಗಿತ್ತು. "ಹೇರಿದ್ದು ಇಳಸಬಾರದು ಅಂತ ನೀನ ಹೇಳಾಕಿ."

"ಹೇಳಾಕಿ ನಾನ. ಇಳಸಾಕೀನೂ ನಾನ."

ಗಂಟು ಬಿಚ್ಚಿ ಹಂಡೆಯನ್ನು ಎರಡೂ ಕೈಯಲ್ಲಿ ಇಳಿಸಿ ನೆಲಕ್ಕಿಟ್ಟಳು. ದೊರಸಾನಿ ಆಶ್ಚರ್ಯದಿಂದ ಕತ್ತು ತಿರುಗಿಸಿ ನೋಡಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮನೆಯ ಹೇರು ಹಿಂದಕ್ಕೆ ಬಂದಿತ್ತು.

"ನಿನ್ನ ಲೆಕ್ಕದಾಗ ಒಂದು ತಪ್ಪೈತಿ ಜ್ಯೋತಿ," ಅಂದಳು ಅತ್ತೆ. "ನನ್ನ ಲೆಕ್ಕದಾಗೂ ಅದ ತಪ್ಪು. ಮಿಷನ್ ಒಂದ ಬರ್ತೈತಿ ಅಂತ ಇಬ್ರೂ ಎಣಿಸೀವಿ. ಅದು ಒಂದ ಬರಂಗಿಲ್ಲ. ಅದರ ಕೂಡ ನೀ ಬರ್ತಿ. ನಿನ್ನ ಕೈ ಎರಡು ಬರ್ತಾವು. ಅವಕ್ಕ ಯಾರು ಗೀಟು ಹಾಕ್ಯಾರ? ನೀನೂ ಹಾಕಿಲ್ಲ, ನಾನೂ ಹಾಕಿಲ್ಲ. ನನ್ನ ಮಗ ಒಬ್ಬ ಹಾಕ್ಯಾನ, ಅದೂ ಸೊಟ್ಟ."

ನಾನು ನನ್ನ ಎರಡೂ ಕೈಯನ್ನು ತಿರುಗಿಸಿ ನೋಡಿಕೊಂಡೆ.

"ನೀರು ತರಾಕಿ ನಾನೊಬ್ಬಾಕಿ ಇದ್ದೆ ಅಂತ ಹಂಡೆ ಬೇಕಿತ್ತು. ಒಮ್ಮಿ ತುಂಬಿಟ್ರ ದಿನ ಕಳೀತಿತ್ತು. ಇಬ್ರು ಇದ್ರ ಸಣ್ಣ ಕೊಡ ಸಾಕು, ನಾ ಒಂದು ಸಲ, ನೀ ಎರಡು ಸಲ." ನಾನು ಎರಡು ಸಲ ಯಾಕೆ ಎಂದು ಕೇಳುವ ಧೈರ್ಯ ಆ ಗಳಿಗೆಯಲ್ಲಿ ನನಗೂ ಇರಲಿಲ್ಲ. "ಮಿಷನ್ ಹನ್ನೆರಡು, ಕೊಡ ಒಂದು. ಇನ್ನ ಎರಡು ಕೆಜಿ ಜಾಗ ಐತಿ, ಹಿಟ್ಟು ಸುರೀತೀನಿ. ಉಳಿದ ಹಿಟ್ಟು ನಿನ್ನ ತಲಿ ಮ್ಯಾಲ. ಕತ್ತಿ ಬೆನ್ನ ಒಂದ ಲೆಕ್ಕಕ್ಕ ಹಿಡದಿದ್ದಿ. ನಿನಗ ತಲಿ ಇಲ್ಲೇನು?"

"ಐತ್ರಿ," ಅಂದೆ.

"ಹಂಗಾರ ಮಿಷನ್ ಎತ್ತು."

ನಾನು ಎತ್ತುವ ಮೊದಲೇ ಸುಂಕೇಶ ಓಡಿಬಂದು ಎತ್ತಿದ್ದ. ಮರಿಯನ್ನು ನನ್ನ ಕೈಗೆ ತುರುಕಿದ. ಮಿಷನನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ ಹಂಡೆಯಿದ್ದ ಜಾಗಕ್ಕೆ ಕಟ್ಟಿದರು. ಎಲ್ಲರೂ ದೊರಸಾನಿಯ ತಲೆಯ ಕಡೆ ನೋಡಿದೆವು. ಕಿವಿ ನೆಟ್ಟಗೆ. ಕೊಡ ಇಟ್ಟರು, ಕಿವಿ ನೆಟ್ಟಗೆ. ಅತ್ತೆ ಬೊಗಸೆ ಬೊಗಸೆಯಾಗಿ ಹಿಟ್ಟು ಸುರಿಯತೊಡಗಿದಳು. ಒಂದು ಬೊಗಸೆ, ಎರಡು, ಐದು, ಏಳು. ಎಂಟನೆಯದಕ್ಕೆ ಎಡಗಿವಿ ಅಲುಗಾಡಿತು. ಒಂಬತ್ತನೆಯದಕ್ಕೆ ಎರಡೂ ಹಿಂದಕ್ಕೆ ಮಲಗಿದವು. ಅತ್ತೆ ಒಂಬತ್ತನೆಯ ಬೊಗಸೆಯನ್ನು ಮರಳಿ ತೆಗೆದಳು. ಆ ದಿನ ಇಳಿಸುವುದರ ರುಚಿ ಅವಳಿಗೆ ಹತ್ತಿತ್ತು.

ಬಸವಕ್ಕ ಬಾಗಿಲಿಗೆ ಬಂದು ಹದಿನಾರು ರವಿಕೆ ಬಟ್ಟೆಯ ಗಂಟನ್ನು ನನ್ನ ಹೆಗಲಿಗೆ ಕಟ್ಟಿದಳು. ಹದಿನೈದು ದಿನಕ್ಕೊಮ್ಮೆ ಸುಂಕೇಶ ಊರಿಗೆ ಬಂದು ಹೊಲಿದಷ್ಟು ಕೊಟ್ಟು ಹೋಗುವುದೆಂದು ಮಾತಾಯಿತು. "ದಾರಿ ಮುನಿಯಾದಿಲ್ಲೇನು ಲಿಂಗಕ್ಕ, ಹೇರಿದ್ದು ಇಳಿಸಿದ್ರ?" ಎಂದು ಬಸವಕ್ಕ ಕೇಳಿದಳು.

"ಮುನದ್ರ ಸೊಸಿ ಮಾತಾಡಿಸ್ತಾಳ ಬಿಡು," ಅಂದಳು ಅತ್ತೆ. "ಆಕಿ ಬಾಯಿಗೆ ದಾರಿ ಏನು, ದೇವರೂ ಒಪ್ತಾನ."

ದಾರಿ ಮುನಿಯಲಿಲ್ಲ. ಹೊಲದ ಬದುವಿನಲ್ಲಿ ಸಾಲಾಗಿ ನಡೆದೆವು. ಮುಂದೆ ಮಾವ ಮತ್ತು ಕುರಿ, ಆಮೇಲೆ ದೊರಸಾನಿ, ಹಿಂದೆ ತಲೆಯ ಮೇಲೆ ರೊಟ್ಟಿ ಬುಟ್ಟಿ ಹೊತ್ತ ಅತ್ತೆ, ಹಿಟ್ಟು ಹೊತ್ತ ನಾನು. ಸುಂಕೇಶ ಬೈಕಿನಲ್ಲಿ ಮುಂದೆ ಹೋಗುವುದು, ನೆರಳಲ್ಲಿ ನಿಲ್ಲುವುದು, ನಾವು ಹತ್ತಿರ ಬಂದಾಗ ಬೈಕು ಕೆಟ್ಟಿದೆ ಎಂದು ನಟಿಸುವುದು. ಮೂರು ಸಲ ಕೆಟ್ಟಿತು.

ಮಧ್ಯಾಹ್ನ ಬೇವಿನ ಮರದ ಕೆಳಗೆ ರೊಟ್ಟಿ ಬಿಚ್ಚಿದಾಗ ಕೇಳಿದೆ. "ಅತ್ತಿ, ಯಾಕ ಇಳಿಸಿದ್ರಿ?"

ಅತ್ತೆ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಒತ್ತಿದಳು. "ನಾ ಮದುವಿ ಆದ ವರ್ಷ ನಿಮ್ಮ ಮಾವನ ಅವ್ವ ಹೇರಾಕಿ. ನಾನು ಕೂಸು ಇದ್ದಂಗ ಇದ್ದೆ, ಕೂಡ ಬರ್ತೀನಿ ಅಂದೆ. ಬರಾಕಿ ಅಂದ್ರ ಒಬ್ಬಾಕಿ ಹೆಚ್ಚಾತು, ಹೊದಿಯಾಕ ಒಂದು ಕೌದಿ ಹೆಚ್ಚಾತು, ಕೌದಿಗೆ ಜಾಗ ಇಲ್ಲ ಅಂದ್ಲು ಆಕಿ. ಲೆಕ್ಕ ಬರಾಬರ್ ಇತ್ತು. ನಾಕು ತಿಂಗಳು ಮನ್ಯಾಗ ಉಳಿದೆ." ತುತ್ತು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು. "ಅದ ಲೆಕ್ಕ ಕಲ್ತು ಮೂವತ್ತು ವರ್ಷ ಹೇರಿದೆ. ಕೌದಿ ತೂಗಿದ್ಲು, ನನ್ನ ತೂಗಲಿಲ್ಲ ಅನ್ನಾದು ಇವತ್ತ ಹೊಳೀತು."

ನಾನು ಅವಳ ಮೊಣಕೈ ಹಿಡಿದುಕೊಂಡೆ. ಪ್ರೀತಿ ಹೇಗೆ ತೋರಿಸಬೇಕೆಂದು ನನಗೆ ಬೇಗ ತಿಳಿಯುವುದಿಲ್ಲ, ಸಿಟ್ಟಾದರೆ ಸುಲಭ. ಅವಳು ಕೊಸರಲಿಲ್ಲ, ಇನ್ನೊಂದು ಕೈಯಲ್ಲಿ ಊಟ ಮುಗಿಸಿದಳು.

ಗೋನೆಗಂಡ್ಲದ ಹತ್ತಿರದ ಮೊದಲ ಹೊಲಕ್ಕೆ ತಲುಪಿದ ದಿನ ಮಧ್ಯಾಹ್ನವೇ ಬಲೆ ಕಟ್ಟಿ ಮುಗಿಸಿದೆವು. ಕಾಲುವೆಯಲ್ಲಿ ನೀರಿತ್ತು, ಕುರಿಗಳು ಹೊಟ್ಟೆ ತುಂಬಿ ಮಲಗಿದ್ದವು. ನಾನು ಒಂದು ಚಪ್ಪಡಿ ಕಲ್ಲಿನ ಮೇಲೆ ಮಿಷನ್ ಇಟ್ಟು ಎಣ್ಣೆ ಬಿಡುತ್ತಿದ್ದೆ. ಅತ್ತೆ ಬಂದು, ಬೇರೆ ಕಡೆ ನೋಡುತ್ತ, ಬಗಲಲ್ಲಿ ಹರಿದ ತನ್ನ ರವಿಕೆಯನ್ನು ಮಿಷನ್ ಮೇಲೆ ಇಟ್ಟಳು.

"ಇದು ಕುರಿಮಂದಿ ಕೆಲಸೇನ್ರಿ ಅತ್ತಿ?" ಎಂದು ಕೇಳಿದೆ.

"ಹೊಲಿ ಸುಮ್ಮನ. ಎಣಿಸಬ್ಯಾಡ."

ಆದರೆ ಎಣಿಸುವುದನ್ನು ನಾನು ಬಿಡುತ್ತೇನೆಯೇ? ರಟ್ಟಿನ ಹಾಳೆ ಇನ್ನೂ ನನ್ನ ಗಂಟಿನಲ್ಲಿತ್ತು. ಅದರ ಕೊನೆಯಲ್ಲಿ ಒಂದು ಹೊಸ ಚಿತ್ರ ಬರೆದೆ, ಎರಡು ಜಡೆಯ ಒಬ್ಬ ಹೆಂಗಸು, ಮೂಗು ಸ್ವಲ್ಪ ಮೇಲೆತ್ತಿದವಳು, ಅಂದರೆ ನಾನು. ತೂಕದ ಜಾಗದಲ್ಲಿ ಏನೂ ಬರೆಯಲಿಲ್ಲ, ಅದು ಕತ್ತೆಯ ಬೆನ್ನಿಗೆ ಸಂಬಂಧಿಸಿದ್ದಲ್ಲ. ಮರುದಿನ ಬೆಳಿಗ್ಗೆಯಿಂದ ಗೀಟು ಹಾಕಲು ಶುರು ಮಾಡಿದೆ, ಅತ್ತೆ ನನ್ನನ್ನು ಎಷ್ಟು ಸಲ ಕರೆಯುತ್ತಾಳೆಂದು. ಜ್ಯೋತೀ, ಕೊಡ ತಗೊ. ಜ್ಯೋತೀ, ಮರಿ ಹಿಡಿ. ಜ್ಯೋತೀ, ಉಪ್ಪು ಎಲ್ಲಿ ಇಟ್ಟಿ. ಜ್ಯೋತೀ, ಬಾ ಇಲ್ಲಿ, ಸುಮ್ಮನ ಕೂಡು. ರೊಟ್ಟಿ ಹೊತ್ತಿಗೆ ಇಪ್ಪತ್ತಾಗಿತ್ತು. ಆಮೇಲೆ ಎಣಿಸುವುದನ್ನು ಬಿಟ್ಟೆ.